ಹಾವಿಗೊಂದು ಮರೆ

"ನೋಡ್ರಿ ಸಾರ್, ಇವನು ಹಾವು ಸಾಕ್ತೀನಿ ಅಂತ ಹಟ ಹಿಡಿದಾನೆ. ಎರಡು ದಿನ ಆತು, ಸರಿಯಾಗಿ ಊಟ ಮಾಡ್ತಿಲ್ಲ. ನೀವಾದ್ರೂ ಬುದ್ಧಿ ಹೇಳ್ರಿ."

ಕಳೆದ ಶ್ರಾವಣದ ಒಂದು ಭಾನುವಾರ ನ್ಯಾಮತಿಯ ಬಸ್ ನಿಲ್ದಾಣದ ಹತ್ತಿರ ನನ್ನನ್ನು ತಡೆದು ಹೀಗೆ ಹೇಳಿದಾತ ನನ್ನ ಹಳೆಯ ವಿದ್ಯಾರ್ಥಿ. ಈಗ ಮೆಕ್ಕೆಜೋಳ ಬೆಳೆಯುವ ರೈತ. ಪಕ್ಕದಲ್ಲಿ ಒಂಬತ್ತನೇ ತರಗತಿಯ ಮಗ, ಮುಖ ಊದಿಸಿಕೊಂಡು ನಿಂತಿದ್ದ. ವಿದೇಶದ ಹುಡುಗರು ಕೊರಳಿಗೆ ಹಾವು ಸುತ್ತಿಕೊಂಡು ಆಡುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದಾನೆ. ಮೀನಿನ ಗಾಜಿನ ತೊಟ್ಟಿಯೊಂದು ಮನೆಯಲ್ಲಿ ಖಾಲಿ ಬಿದ್ದಿದೆ. ಹಿತ್ತಲಲ್ಲಿ ಹಾವಿಗೇನೂ ಬರವಿಲ್ಲ. ಇನ್ನೇನು ಬೇಕು?

"ಸಾರ್, ತೊಟ್ಟಿ ಒಳಗೆ ಏನೇನು ಇಡಬೇಕು?" ಎಂದು ಕೇಳಿದ.

"ಮೊದಲು ಅದು ಅಡಗಿಕೊಳ್ಳೋಕೆ ಒಂದು ಮರೆ ಇಡಬೇಕು" ಎಂದೆ.

"ಅಡಗಿಕೊಂಡ್ರೆ ನಾವು ನೋಡೋದು ಹೆಂಗೆ ಸಾರ್?"

ಪ್ರಶ್ನೆ ಸರಿಯಾದದ್ದೇ. ಹಾವನ್ನು ಸಾಕಬೇಕೆನ್ನುವವರಿಗೆ ಅದು ಕಾಣಬೇಕು. ಹಾವಿಗೆ ಯಾರಿಗೂ ಕಾಣದಂತೆ ಇರಬೇಕು. ಈ ಜಗಳದಲ್ಲಿ ಸೋಲುವುದು ಯಾವಾಗಲೂ ಹಾವೇ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ ತಿಳಿದದ್ದು.

ನನ್ನದೊಂದು ತಪ್ಪು

ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸತು. ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ವಿಜ್ಞಾನ ಪ್ರದರ್ಶನಕ್ಕೆ ವಾರವಿತ್ತು. ಹುಡುಗರು ಹೊಲದ ಬದುವಿನಿಂದ ಒಂದು ಮಣ್ಣುಮುಕ್ಕ ಹಾವನ್ನು ತಂದರು. ಬಾಲವೂ ತಲೆಯಂತೆಯೇ ಮೊಂಡಾಗಿರುವುದರಿಂದ ಜನ ಇದನ್ನು 'ಎರಡು ತಲೆ ಹಾವು' ಎನ್ನುತ್ತಾರೆ. ವಿಷವಿಲ್ಲದ, ಬಲು ಸಾಧು ಪ್ರಾಣಿ. ನಾನು ಅದನ್ನು ಗಾಜಿನ ತೊಟ್ಟಿಗೆ ಹಾಕಿಸಿ, ಮೇಲೆ ಜಾಲರಿ ಮುಚ್ಚಿಸಿದೆ. ತೊಟ್ಟಿಗೆ ಮಣ್ಣು ಹಾಕಿಸಲಿಲ್ಲ. ಹಾಕಿದರೆ ಹಾವು ಅದರೊಳಗೆ ಸೇರಿಕೊಂಡು ಬಂದವರಿಗೆ ಕಾಣುವುದಿಲ್ಲವಲ್ಲ!

ಹಾವು ಹಗಲೂ ರಾತ್ರಿ ಗಾಜಿನ ಅಂಚಿಗೆ ಮೂತಿ ಉಜ್ಜುತ್ತಾ ಸುತ್ತಿತು. ಇಲಿಮರಿ ಬಿಟ್ಟರೆ ಮೂಸಲೂ ಇಲ್ಲ. ನಾಲ್ಕನೆಯ ದಿನ ಮೂತಿಯ ತುದಿಯಲ್ಲಿ ರಕ್ತ ಕಂಡಿತು. ಶಾಲೆಯ ವಯಸ್ಸಾದ ಜವಾನರು ನನಗೆ ಒಂದು ಮಾತೂ ಹೇಳದೆ ಹೊರಗೆ ಹೋಗಿ, ಒಂದು ಬುಟ್ಟಿ ಸಡಿಲ ಮರಳುಮಣ್ಣು ತಂದು ತೊಟ್ಟಿಗೆ ಸುರಿದರು. ಒಂದೇ ನಿಮಿಷ. ಹಾವು ಮಣ್ಣಿನೊಳಕ್ಕೆ ಇಳಿದು ಮಾಯವಾಯಿತು. ಉಜ್ಜಾಟ ನಿಂತಿತು. ಅದಕ್ಕೆ ಬೇಕಾಗಿದ್ದದ್ದು ಇಲಿಯೂ ಅಲ್ಲ, ಹಾಲೂ ಅಲ್ಲ. ಮೈ ಮುಚ್ಚುವಷ್ಟು ಮಣ್ಣು.

ಪ್ರದರ್ಶನದಲ್ಲಿ ನಮಗೆ ಬಹುಮಾನ ಬಂತು. ಹಾವನ್ನು ಅದೇ ಬದುವಿಗೆ ಬಿಟ್ಟೆವು. ಆ ಗಾಯ ವಾಸಿಯಾಯಿತೋ ಇಲ್ಲವೋ ನನಗೆ ತಿಳಿಯದು. ಹಾವನ್ನು ಹಿಡಿದಿಡುವುದು ಆಗಲೂ ಕಾನೂನಿಗೆ ವಿರುದ್ಧವೇ ಆಗಿತ್ತು. ವಿಜ್ಞಾನದ ಹೆಸರಿನಲ್ಲಿ ಮಾಡಿದ್ದರಿಂದ ಅದು ಸರಿಯಾಗುವುದಿಲ್ಲ.

ಮರೆ ಏಕೆ ಬೇಕು?

ಹಾವಿಗೆ ಕಾಲಿಲ್ಲ, ಉಗುರಿಲ್ಲ, ಬಹುಪಾಲು ಹಾವುಗಳಿಗೆ ವಿಷವೂ ಇಲ್ಲ. ಮುಂಗುಸಿ, ನವಿಲು, ಹದ್ದು, ಹಂದಿ, ಮನುಷ್ಯ ಎಲ್ಲರೂ ಅದಕ್ಕೆ ಶತ್ರುಗಳೇ. ಕಣ್ಣಿಗೆ ರೆಪ್ಪೆಯೂ ಇಲ್ಲ; ಪಾರದರ್ಶಕವಾದ ಒಂದು ಹುರುಪೆ ಕಣ್ಣನ್ನು ಮುಚ್ಚಿರುತ್ತದೆ. ನಾವು ಕಣ್ಣು ಮುಚ್ಚಿ ಕತ್ತಲೆ ಮಾಡಿಕೊಂಡಂತೆ ಅದು ಮಾಡಿಕೊಳ್ಳಲಾರದು. ಕತ್ತಲೆಯಿರುವ ಕಡೆಗೆ ಅದೇ ಹೋಗಬೇಕು.

ಎರಡನೆಯದು ಸ್ಪರ್ಶ. ಸುರುಳಿ ಸುತ್ತಿಕೊಂಡ ಮೈಗೆ ಮೇಲಿನಿಂದಲೂ ಪಕ್ಕದಿಂದಲೂ ಏನಾದರೂ ತಗುಲುತ್ತಿದ್ದರೆ ಹಾವಿಗೆ ನೆಮ್ಮದಿ. ಹತ್ತು ಹಾವು ಹಿಡಿಸುವ ದೊಡ್ಡ ಗುಹೆಗಿಂತ ಒಂದೇ ಹಾವು ಇಕ್ಕಟ್ಟಾಗಿ ತೂರಿಕೊಳ್ಳುವ ಬಿರುಕು ಅದಕ್ಕೆ ಇಷ್ಟ. ಚಳಿಯ ರಾತ್ರಿ ಮಗು ಕಂಬಳಿಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಳ್ಳುವುದಿಲ್ಲವೆ? ಹಾಗೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಉಷ್ಣತೆ. ಹಾವು ಶೀತರಕ್ತ ಪ್ರಾಣಿ ಎಂದು ಪಾಠದಲ್ಲಿ ಓದಿದ್ದೀರಿ. ಅದರ ರಕ್ತ ಸದಾ ತಣ್ಣಗಿರುತ್ತದೆಂದು ಇದರ ಅರ್ಥವಲ್ಲ. ನಮ್ಮ ಮೈಯ ಹಾಗೆ ಒಳಗೇ ಒಲೆ ಉರಿಸಿ ಶಾಖ ಕಾಯ್ದುಕೊಳ್ಳುವ ಏರ್ಪಾಡು ಅದಕ್ಕಿಲ್ಲ, ಅಷ್ಟೆ. ಶಾಖವನ್ನು ಸುತ್ತಲಿನ ನೆಲ, ಕಲ್ಲು, ಗಾಳಿಯಿಂದ ಪಡೆಯಬೇಕು. ಬಹುಪಾಲು ಹಾವುಗಳಿಗೆ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಹಿತ. ತೀರ ತಂಪಾದರೆ ನುಂಗಿದ ಇಲಿ ಅರಗುವುದಿಲ್ಲ. 40 ಡಿಗ್ರಿ ದಾಟಿದರೆ ಪ್ರಾಣಕ್ಕೇ ಅಪಾಯ. ನಮ್ಮ ಜಗಳೂರಿನ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಬಂಡೆಯ ಮೇಲೆ ನಿಂತವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ.

ನಾಲ್ಕನೆಯದು ತೇವ. ಪೊರೆ ಬಿಡುವ ಕಾಲದಲ್ಲಿ ಕಣ್ಣು ಹಾಲು ಬೆರೆತಂತೆ ಮಸುಕಾಗುತ್ತದೆ. ಆಗ ಸ್ವಲ್ಪ ತೇವವಿರುವ ಮರೆ ಸಿಕ್ಕರೆ ಪೊರೆ ಒಂದೇ ಚೀಲವಾಗಿ ಕಳಚುತ್ತದೆ. ಸಿಗದಿದ್ದರೆ ಚೂರು ಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ.

ಕಲ್ಲಿನ ದಪ್ಪದ ಲೆಕ್ಕ

ಹಾವು ಸಿಕ್ಕಿದ ಕಲ್ಲಿನಡಿ ತೂರಿಕೊಳ್ಳುತ್ತದೆಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದ ಈಗಲ್ ಸರೋವರದ ದಂಡೆಯಲ್ಲಿ ರೇಮಂಡ್ ಹ್ಯೂಯಿ ಮತ್ತು ಸಂಗಡಿಗರು ಗಾರ್ಟರ್ ಹಾವುಗಳನ್ನು ಗಮನಿಸಿ 1989ರಲ್ಲಿ ಒಂದು ಸೊಗಸಾದ ಸಂಶೋಧನೆ ಪ್ರಕಟಿಸಿದರು. ಕಲ್ಲುಗಳನ್ನು ದಪ್ಪದ ಪ್ರಕಾರ ಮೂರು ಬಗೆ ಮಾಡಿ ಅವುಗಳ ಅಡಿಯ ಉಷ್ಣತೆ ಅಳೆದರು. 20 ಸೆಂಟಿಮೀಟರಿಗಿಂತ ತೆಳುವಾದ ಕಲ್ಲಿನಡಿ ಹಗಲು ಪ್ರಾಣಾಂತಕ ಬಿಸಿ, ರಾತ್ರಿ ಚಳಿ. 40 ಸೆಂಟಿಮೀಟರಿಗಿಂತ ದಪ್ಪದ ಕಲ್ಲಿನಡಿ ಸದಾ ತಂಪು. ಬಿಸಿಲಿನ ಶಾಖ ಕೆಳಗಿಳಿಯುವುದೇ ಇಲ್ಲ. ನಡುವಣ ದಪ್ಪದ ಕಲ್ಲು ಹಗಲೆಲ್ಲ ಶಾಖವನ್ನು ನಿಧಾನವಾಗಿ ಹೀರಿ ರಾತ್ರಿಯೆಲ್ಲ ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ಹಾವುಗಳು ಹೆಚ್ಚಾಗಿ ಆರಿಸಿಕೊಂಡದ್ದು ಈ ನಡುವಣ ಕಲ್ಲುಗಳನ್ನೇ!

ಹಾವಿಗೆ ಥರ್ಮಾಮೀಟರೂ ಇಲ್ಲ, ಅಳತೆಪಟ್ಟಿಯೂ ಇಲ್ಲ. ಆದರೂ ಲೆಕ್ಕ ತಪ್ಪುವುದಿಲ್ಲ. ಮರೆಯ ಆಯ್ಕೆ ಅದಕ್ಕೆ ಬದುಕುವ ವಿದ್ಯೆ.

ಆಸ್ಟ್ರೇಲಿಯದ ಸಿಡ್ನಿ ಸುತ್ತಲಿನ ಗುಡ್ಡಗಳಲ್ಲಿ 'ಅಗಲತಲೆ ಹಾವು' ಎಂಬ ವಿಷದ ಹಾವಿದೆ. ಅದು ಚಳಿಗಾಲದಲ್ಲಿ ಬಂಡೆಯ ಮೇಲಿನ ತೆಳು ಹಾಸುಗಲ್ಲುಗಳ ಅಡಿ ವಾಸಿಸುತ್ತದೆ. ಪಟ್ಟಣದವರು ಮನೆಯ ಕೈತೋಟದ ಅಲಂಕಾರಕ್ಕೆಂದು ಆ ಕಲ್ಲುಗಳನ್ನೇ ಹೊತ್ತೊಯ್ದರು. ಹಾವಿಗೆ ಯಾರೂ ಕೋಲೆತ್ತಲಿಲ್ಲ. ಕಲ್ಲು ಹೋಯಿತು, ಹಾವೂ ಕಡಿಮೆಯಾಯಿತು. ಕೊನೆಗೆ ವಿಜ್ಞಾನಿಗಳು ಕಾಂಕ್ರೀಟಿನಿಂದ ಅಂಥದೇ ಬಿರುಕಿರುವ ಕಲ್ಲುಗಳನ್ನು ಮಾಡಿ ಗುಡ್ಡದ ಮೇಲಿಟ್ಟರು. ಅವುಗಳ ಅಡಿಗೆ ಹಲ್ಲಿಗಳೂ ಹಾವುಗಳೂ ಬಂದು ಸೇರಿದವು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಮರೆ

ಇಷ್ಟು ತಿಳಿದ ಮೇಲೆ ನಮ್ಮ ಕಡೆಯ ಹಾವುಗಳು ಎಲ್ಲೆಲ್ಲಿ ಮನೆ ಮಾಡಿವೆ ನೋಡೋಣ. ನನ್ನ ಸೇವೆಯ ಬಹುಪಾಲು ಕಳೆದದ್ದು ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಜಗಳೂರು ಚಿತ್ರದುರ್ಗಕ್ಕೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗಿತ್ತು. ಒಂದೇ ಜಿಲ್ಲೆಯಾದರೂ ನೆಲ ಬೇರೆ, ನೀರು ಬೇರೆ. ಹಾವಿನ ಮರೆಯೂ ಬೇರೆ.

ಜಗಳೂರು ಬರದ ಸೀಮೆ. ಕೊಂಡುಕುರಿಗಳಿಗೆ ಹೆಸರಾದ ರಂಗಯ್ಯನದುರ್ಗದ ಅಭಯಾರಣ್ಯ ಇರುವುದು ಇಲ್ಲೇ. ಕುರುಚಲು ಗಿಡ, ಕಲ್ಲುಗುಡ್ಡ, ಕಲ್ಲು ಒಟ್ಟಿದ ಬದು. ಅಂಗೈಯಗಲದ ಕಲ್ಲಿನಡಿಯೂ ಗರಗಸಮಂಡಲ ಇದ್ದೀತು. ಗಾತ್ರದಲ್ಲಿ ಚಿಕ್ಕದು, ವಿಷದಲ್ಲಿ ಅಲ್ಲ. ಮಣ್ಣುಮುಕ್ಕನಿಗೆ ಇಲ್ಲಿನ ಸಡಿಲ ಮಣ್ಣೇ ಮರೆ.

ಚನ್ನಗಿರಿ ಅಡಿಕೆಯ ನಾಡು. ತೋಟದಲ್ಲಿ ಬಿದ್ದ ಸೋಗೆ, ಹಾಳೆ, ಅವುಗಳ ಅಡಿಯ ತೇವ. ಅಲ್ಲಿ ಕಪ್ಪೆ, ಕಪ್ಪೆಯ ಹಿಂದೆ ಹಾವು. ಅಡಿಕೆ ಸುಲಿದು ಬೇಲಿ ಪಕ್ಕ, ರಸ್ತೆ ಬದಿ ಸುರಿದ ಸಿಪ್ಪೆಯ ರಾಶಿ ಕೊಳೆಯುತ್ತಾ ಒಳಗೇ ಬೆಚ್ಚಗಿರುತ್ತದೆ. ಬೆಚ್ಚಗೆ, ಕತ್ತಲೆ, ತೇವ, ಇಕ್ಕಟ್ಟು – ಹಾವು ಕೇಳುವ ನಾಲ್ಕೂ ಒಂದೇ ಕಡೆ! ಸೂಳೆಕೆರೆಯ ಅಂಚಿನಲ್ಲಿ ನೀರುಹಾವುಗಳಿಗೆ ಜೊಂಡು ಮತ್ತು ಕಲ್ಲುಸಂದಿಯೇ ಮರೆ.

ಹೊನ್ನಾಳಿಗೆ ತುಂಗಭದ್ರೆ ಇದೆ, ಭದ್ರಾ ನಾಲೆ ಇದೆ, ಗದ್ದೆಗಳಿವೆ. ಗದ್ದೆಯ ಬದುವಿನ ಇಲಿಬಿಲವೇ ಕೇರೆಹಾವು, ನಾಗರಹಾವುಗಳ ಮನೆ. ಹಾವು ತಾನಾಗಿ ಬಿಲ ತೋಡದು. ಗೆದ್ದಲು ಕಟ್ಟಿದ ಹುತ್ತ, ಇಲಿ ತೋಡಿದ ಬಿಲ ಅದಕ್ಕೆ ಬೇಕು. ನಾಗರಹಾವು ಮೊಟ್ಟೆ ಇಡುವುದೂ ಇಂಥಲ್ಲೇ. ಹುತ್ತದೊಳಗೆ ಹೊರಗಿನ ಬಿಸಿಲು-ಚಳಿಯ ಏರಿಳಿತ ಅಷ್ಟಾಗಿ ತಾಗುವುದಿಲ್ಲ, ಗಾಳಿಯಲ್ಲಿ ತೇವ ಇರುತ್ತದೆ. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ನಮ್ಮ ಹಿರಿಯರು ಹಾವಿನ ವಿಳಾಸವನ್ನಂತೂ ಸರಿಯಾಗಿಯೇ ಗುರುತಿಸಿದ್ದರು. ಹಾಲು ಹಾವಿನ ಆಹಾರವಲ್ಲ ಎನ್ನುವುದು ಬೇರೆ ಮಾತು.

ಇನ್ನು ನ್ಯಾಮತಿಯ ಕಡೆ ಎಲ್ಲಿ ನೋಡಿದರೂ ಮೆಕ್ಕೆಜೋಳ. ತೆನೆ ಮುರಿದು ಮನೆಯ ಪಕ್ಕದಲ್ಲೇ ರಾಶಿ ಹಾಕಿ ತಾಡಪಾಲು ಮುಚ್ಚುತ್ತೇವೆ. ಕಾಳಿಗೆ ಇಲಿ, ಇಲಿಗೆ ಹಾವು. ತಾಡಪಾಲು ಮುಚ್ಚಿದ ರಾಶಿಯೆಂದರೆ ಊಟ-ವಸತಿ ಎರಡೂ ಇರುವ ಹೋಟೆಲ್ಲು. ಹೊಲದಲ್ಲಿ ಒಣಗಿದ ದಂಟಿನ ನಡುವೆ ಕೊಳಕುಮಂಡಲ ಮಲಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ತನ್ನ ಬಣ್ಣವೇ ತನಗೆ ಮರೆಯೆಂದು ನಂಬಿದ ಹಾವು ಅದು. ಹೆಜ್ಜೆ ಸಪ್ಪಳಕ್ಕೆ ಬೇರೆ ಹಾವುಗಳಂತೆ ಓಡಿಹೋಗದೆ ಅಲ್ಲೇ ಉಳಿಯುತ್ತದೆ. ತುಳಿದವರನ್ನು ಕಚ್ಚುತ್ತದೆ.

ಬುಟ್ಟಿ, ಗಡಿಗೆ, ಪೆಟ್ಟಿಗೆ

ಹಾವನ್ನು ಇಟ್ಟುಕೊಂಡವರು ಈ ಗುಟ್ಟನ್ನು ಬಹಳ ಹಿಂದೆಯೇ ಅರಿತಿದ್ದರು. ನಾವು ಚಿಕ್ಕವರಿದ್ದಾಗ ಸಂತೆಗೆ ಬರುತ್ತಿದ್ದ ಹಾವಾಡಿಗನ ಬುಟ್ಟಿ ನೆನೆಸಿಕೊಳ್ಳಿ. ಗುಂಡಗೆ, ಚಪ್ಪಟೆ, ಹಾವು ಸುರುಳಿ ಸುತ್ತಿದರೆ ಅಷ್ಟಕ್ಕಷ್ಟೆ. ಮುಚ್ಚಳ ಮುಚ್ಚಿದರೆ ಕತ್ತಲೆ. ಬುಟ್ಟಿಯಲ್ಲಿರುವಷ್ಟು ಹೊತ್ತು ಹಾವು ಸುಮ್ಮನಿರುತ್ತಿತ್ತು. ಮುಚ್ಚಳ ತೆಗೆದಾಗಲೇ ಹೆಡೆ ಎತ್ತುತ್ತಿದ್ದದ್ದು. ಅದನ್ನು ನಾವು 'ಆಟ' ಎಂದೆವು. ಹಾವಿಗೆ ಅದು ಮರೆ ಕಳೆದುಕೊಂಡ ಭಯ. ಹಲ್ಲು ಕಿತ್ತು, ಹಸಿವಿನಲ್ಲಿ ಇಟ್ಟು ಆಡಿಸುತ್ತಿದ್ದ ಆ ಪದ್ಧತಿ ಕಾನೂನಿನಲ್ಲಿ ನಿಷಿದ್ಧ. ಬುಟ್ಟಿಯ ಅಳತೆಯಲ್ಲಿದ್ದ ತಿಳಿವಳಿಕೆಯನ್ನು ಮಾತ್ರ ಮರೆಯಬೇಕಿಲ್ಲ.

ಇನ್ನೂ ಒಳ್ಳೆಯ ಉದಾಹರಣೆ ತಮಿಳುನಾಡಿನಲ್ಲಿದೆ. ಮಾಮಲ್ಲಪುರದ ಹತ್ತಿರದ ವಡನೆಮ್ಮೇಲಿಯಲ್ಲಿ ಇರುಳರ ಸಹಕಾರ ಸಂಘವಿದೆ. 1978ರಲ್ಲಿ ಹುಟ್ಟಿದ ಈ ಸಂಘದವರು ಸರ್ಕಾರದ ಅನುಮತಿ ಪಡೆದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ನಮ್ಮ ಆಸ್ಪತ್ರೆಗಳ ಪ್ರತಿವಿಷದ ಔಷಧಿ ತಯಾರಾಗುತ್ತದೆ. ಅಲ್ಲಿ ಹಾವುಗಳನ್ನು ಇಡುವುದು ಎಲ್ಲಿ ಗೊತ್ತೆ? ಮಣ್ಣಿನ ಗಡಿಗೆಗಳಲ್ಲಿ! ತಳದಲ್ಲಿ ಮರಳು, ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆ. ಬೇಸಗೆಯಲ್ಲಿ ನಮ್ಮ ಕುಡಿಯುವ ನೀರನ್ನು ತಂಪಾಗಿಡುವ ಗಡಿಗೆಯ ಗುಣವೇ ಹಾವಿಗೂ ಒದಗುತ್ತದೆ. ದುಬಾರಿ ಗಾಜಿನ ಮನೆಗಿಂತ ಕುಂಬಾರನ ಗಡಿಗೆ ಹಾವಿಗೆ ಹತ್ತಿರ. ಅದು ಹುತ್ತದ ತಮ್ಮನಿದ್ದಂತೆ.

ಮೃಗಾಲಯಗಳು ಹಾಗೂ ಗಾಯಗೊಂಡ ಹಾವುಗಳ ಆರೈಕೆ ಮಾಡುವವರು ಪಾಲಿಸುವ ನಿಯಮಗಳೂ ಇವೇ. ಮೈಸೂರಿನ ಮೃಗಾಲಯದ ಹಾವಿನ ಮನೆಯಲ್ಲಿ "ಇದರಲ್ಲಿ ಏನೂ ಇಲ್ಲ" ಎಂದು ಮಕ್ಕಳು ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ಮರದ ತುಂಡಿನ ಮಗ್ಗುಲಲ್ಲಿ ನೋಡಿ, ಹಾವು ಇರುತ್ತದೆ. ಕಾಣದಿರುವ ಸ್ವಾತಂತ್ರ್ಯ ಅದಕ್ಕೆ ಸಿಕ್ಕಿದೆ ಎಂದು ತಿಳಿಯಿರಿ.

ನಿಯಮಗಳು ಸರಳ. ಮರೆ ಒಂದಿದ್ದರೆ ಸಾಲದು, ಎರಡಾದರೂ ಬೇಕು: ಒಂದು ಬೆಚ್ಚನೆಯ ಕಡೆ, ಒಂದು ತಂಪಿನ ಕಡೆ. ಒಂದೇ ಇಟ್ಟರೆ ಹಾವು ಇಕ್ಕಟ್ಟಿಗೆ ಸಿಕ್ಕುತ್ತದೆ. ಬೇಕಾದ ಶಾಖಕ್ಕಾಗಿ ಹೊರಬರಬೇಕೋ, ಭಯಕ್ಕೆ ಒಳಗೇ ಕೂರಬೇಕೋ ತಿಳಿಯದೆ, ಕೊನೆಗೆ ಹೆಚ್ಚಾಗಿ ಒಳಗೇ ಕೂತು ಆಹಾರ ಬಿಡುತ್ತದೆ. ಮರೆ ಮೈಗೆ ತಕ್ಕಷ್ಟು ಇಕ್ಕಟ್ಟಾಗಿರಬೇಕು, ಬಾಗಿಲು ಒಂದೇ, ಅದೂ ಚಿಕ್ಕದಾಗಿರಬೇಕು. ಹಾವು ಬೆಳೆದಂತೆ ಮರೆಯನ್ನೂ ಬದಲಿಸಬೇಕು. ಪೊರೆ ಬಿಡುವಾಗ ಒದ್ದೆ ಪಾಚಿಯೋ ನಾರೋ ಹಾಕಿದ ಮೂರನೆಯ ಮರೆ ಬೇಕು.

ತಪ್ಪುಗಳೂ ಹೀಗೆಯೇ ಸರಳ, ಆದರೆ ಪ್ರಾಣ ತೆಗೆಯುವಂಥವು. ಭಾರದ ಕಲ್ಲನ್ನು ಮರಳಿನ ಮೇಲೆ ಇಡಬಾರದು. ಹಾವು ಅಡಿಯ ಮರಳು ತಳ್ಳಿದಾಗ ಕಲ್ಲು ಕುಸಿದು ಅದರ ಮೇಲೇ ಕೂರುತ್ತದೆ. ಕಲ್ಲು ತಳಕ್ಕೇ ತಾಗಿ ಕೂತಿರಬೇಕು. ಹೂಕುಂಡವನ್ನು ಬೋರಲು ಹಾಕಿದರೆ ಅದರ ತಳದ ತೂತಿಗೆ ಹಾವು ತಲೆ ತೂರಿಸಿ ಸಿಕ್ಕಿಕೊಳ್ಳಬಹುದು. ಒಡೆದ ಮಡಕೆಯ ಹರಿತ ಅಂಚು ಹೊಟ್ಟೆಯನ್ನು ಸೀಳುತ್ತದೆ. ರಟ್ಟಿನ ಡಬ್ಬಿ ಒಳ್ಳೆಯದು, ಕೊಳೆಯಾದರೆ ಎಸೆಯಬಹುದು; ಆದರೆ ಅದಕ್ಕೆ ಸುತ್ತಿದ ಅಂಟುಪಟ್ಟಿ ಹುರುಪೆಗೆ ಹಿಡಿದರೆ ಚರ್ಮ ಸಮೇತ ಕಿತ್ತುಬರುತ್ತದೆ.

ಮನೆಗೆ ಹೊಕ್ಕ ಹಾವನ್ನು ಹಿಡಿಯಲು ಬರುವ ತಿಳಿದವರು ಈಗ ಚಿಮಟ ಹಾಕಿ ಎಳೆಯುವುದಿಲ್ಲ. ಕೊಳವೆಯೊಂದಕ್ಕೆ ಚೀಲ ಕಟ್ಟಿ ಹಾವಿನ ಮುಂದೆ ಇಡುತ್ತಾರೆ. ಕತ್ತಲೆಯ ಇಕ್ಕಟ್ಟಾದ ಬಾಯಿ ಕಂಡ ಹಾವು ತಾನಾಗಿಯೇ ಒಳಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹಿಡಿದ ಹಾವನ್ನು ಮೂವತ್ತು ಮೈಲಿ ದೂರದ ಕಾಡಿಗೆ ಒಯ್ದು ಬಿಡುವುದು ಪುಣ್ಯವೆಂದು ಹಲವರು ತಿಳಿದಿದ್ದಾರೆ. ಅಲ್ಲಿನ ಬಿಲ ಯಾವುದು, ಹುತ್ತ ಯಾವುದು ಅದಕ್ಕೆ ಗೊತ್ತಿಲ್ಲ. ಅಪರಿಚಿತ ಊರಿನಲ್ಲಿ ರಾತ್ರಿ ಬಸ್ಸಿಳಿದ ಮಗುವಿನ ಪಾಡು ಅದರದು.

ಹಾಗಾದರೆ ಸಾಕಬಹುದೆ?

ನಮ್ಮ ನಾಡಿನ ಹಾವನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಮಣ್ಣುಮುಕ್ಕನನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆಂದು ಹಬ್ಬಿಸಿ ಲಕ್ಷ ಲಕ್ಷಕ್ಕೆ ಮಾರುವ ವಂಚಕರಿದ್ದಾರೆ. ಕೊಂಡವರಿಗೆ ಬರುವುದು ಐಶ್ವರ್ಯವಲ್ಲ, ಪೊಲೀಸರು. ಇದನ್ನು ತಂದೆತಾಯಂದಿರು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಪಟ್ಟಣಗಳಲ್ಲಿ ಕೆಲವರು ಆಫ್ರಿಕಾದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವನ್ನು ಸಾಕುತ್ತಾರೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ವಿದೇಶಿ ಪ್ರಾಣಿಗಳನ್ನೂ 2022ರ ತಿದ್ದುಪಡಿ ಕಾಯ್ದೆಯೊಳಗೆ ತಂದಿದೆ. ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಅದಕ್ಕೆ 2024ರಲ್ಲಿ ನಿಯಮಗಳೂ ಬಂದಿವೆ. ಕಾನೂನಿಗಿಂತ ಮೊದಲು ಆಯುಸ್ಸಿನ ಲೆಕ್ಕ ಹಾಕಿ. ಅಮೆರಿಕದ ಸೈಂಟ್ ಲೂಯಿಸ್ ಮೃಗಾಲಯದಲ್ಲಿ 60 ವರ್ಷ ದಾಟಿದ ಬಾಲ್ ಪೈಥಾನೊಂದು 2020ರಲ್ಲಿ ಮೊಟ್ಟೆ ಇಟ್ಟಿತು! ಎಸ್ಸೆಸ್ಸೆಲ್ಸಿ ಹುಡುಗ ತಂದ ಹಾವು ಅವನ ಮೊಮ್ಮಗನ ನಾಮಕರಣದವರೆಗೂ ಇದ್ದೀತು. ಅಷ್ಟು ಕಾಲ ಇಲಿ ಒದಗಿಸುವವರು ಯಾರು? ಇನ್ನೊಂದು ಸಂಗತಿ: ತವರಿನಲ್ಲಿ ಆ ಹಾವು ವಾಸಿಸುವುದು ಎಲ್ಲಿ? ಇಲಿಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ. ಸಮುದ್ರ ದಾಟಿ ಬಂದರೂ ಅದು ಕೇಳುವುದು ಹುತ್ತವನ್ನೇ.

ಮನೆಯಲ್ಲಿ ಬೇಡ, ಬೇಲಿಯಾಚೆ ಇರಲಿ

ಹಾವಿಗೆ ಮರೆ ಹೇಗಿರಬೇಕೆಂದು ತಿಳಿದವನಿಗೆ, ಹಾವು ತನ್ನ ಮನೆಯ ಎಲ್ಲೆಲ್ಲಿ ಇದ್ದೀತೆಂದೂ ತಿಳಿಯುತ್ತದೆ. ಇದು ಹವ್ಯಾಸದ ಮಾತಲ್ಲ. 2000ದಿಂದ 2019ರವರೆಗಿನ ಸಾವುಗಳ ಅಧ್ಯಯನವೊಂದು ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಮಂದಿ ಸತ್ತರೆಂದು ಅಂದಾಜು ಮಾಡಿದೆ. ಬಹುಪಾಲು ಹಳ್ಳಿಗರು, ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಮಳೆಗಾಲದಲ್ಲೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಈ ಭಾನುವಾರ ತಂದೆ-ಮಕ್ಕಳು ಸೇರಿ ಮನೆಯ ಸುತ್ತ ಒಂದು ಸುತ್ತು ಹಾಕಿ. ಹಾವಿನ ಕಣ್ಣಿನಿಂದ ನೋಡಿ. ಕತ್ತಲೆ, ಇಕ್ಕಟ್ಟು, ಬೆಚ್ಚಗೆ, ತೇವ – ಇವು ಎಲ್ಲೆಲ್ಲಿ ಕೂಡಿವೆ? ಗೋಡೆಗೆ ಒರಗಿಸಿದ ಸೌದೆ, ಕುಳ್ಳಿನ ಒಟ್ಟು, ಉಳಿದ ಹೆಂಚು-ಇಟ್ಟಿಗೆ, ಬಚ್ಚಲ ನೀರಿನ ಕಿಂಡಿ, ಬಾಗಿಲಡಿಯ ಸಂದು, ಮೆಕ್ಕೆಜೋಳದ ರಾಶಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ, ಹೊರಗೆ ಬಿಟ್ಟ ಬೂಟು. ಇವನ್ನು ಕೈಯಿಂದ ಕೆದಕಬೇಡಿ. ದೊಡ್ಡವರು ಹಗಲು ಹೊತ್ತಿನಲ್ಲಿ ಉದ್ದನೆಯ ಕೋಲಿನಿಂದ ಸರಿಸಲಿ. ಸೌದೆ, ಕುಳ್ಳು ಮನೆಯ ಗೋಡೆಯಿಂದ ದೂರ, ನೆಲದಿಂದ ಎತ್ತರದ ಅಟ್ಟಣಿಗೆಯ ಮೇಲಿರಲಿ. ಕಿಂಡಿಗೆ ಜಾಲರಿ ಬೀಳಲಿ. ಬೂಟನ್ನು ಬಡಿದು ಹಾಕಿಕೊಳ್ಳುವ ಅಭ್ಯಾಸವಾಗಲಿ.

ಕಟ್ಟುಹಾವು ರಾತ್ರಿ ಇಲಿ, ಹಲ್ಲಿ, ಇತರ ಹಾವುಗಳನ್ನು ಹುಡುಕುತ್ತಾ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವೂ ಹೆಚ್ಚಿರುವುದಿಲ್ಲ. ಎಷ್ಟೋ ಜನಕ್ಕೆ ಕಚ್ಚಿದ್ದೇ ತಿಳಿಯುವುದಿಲ್ಲ. ಮಂಚವಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಿ ಮಲಗಿ. ಸೊಳ್ಳೆಗೆ ಒಡ್ಡಿದ ಪರದೆ ಹಾವಿಗೂ ತಡೆ. ಕತ್ತಲಲ್ಲಿ ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ ಬ್ಯಾಟರಿ, ಬೂಟು, ಕೋಲು ಮೂರೂ ಬೇಕು.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದಂತೆ ಇಟ್ಟು, ನಾಟಿ ಔಷಧಿಗೆ ಹೊತ್ತು ಕಳೆಯದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಅಲ್ಲಿ ಪ್ರತಿವಿಷವಿದೆ. ಗಡಿಗೆಯೊಳಗೆ ಕುಳಿತ ಯಾವುದೋ ಹಾವು ಕೊಟ್ಟ ವಿಷವೇ ಅದರ ಮೂಲ.

ಮನೆಯ ಮರೆಗಳನ್ನು ತೆಗೆಯಿರಿ ಎಂದರೆ ಹೊಲದ ಹುತ್ತವನ್ನೂ ಕೆಡವಿ ಎಂದಲ್ಲ. ಬೇಲಿಯಾಚೆಯ ಹುತ್ತ, ಕತ್ತಾಳೆ ಮೆಳೆ, ಬದುವಿನ ಕಲ್ಲೊಟ್ಟು ಇದ್ದಲ್ಲೇ ಇರಲಿ. ಅಲ್ಲಿ ಮರೆ ಇಲ್ಲದಾದರೆ ಹಾವು ನಮ್ಮ ಸೌದೆಯ ಒಟ್ಟಿಗೇ ಬರಬೇಕು. ಗದ್ದೆಯ ಇಲಿಗಳಿಗೂ ಆಮೇಲೆ ಹೇಳುವವರು ಕೇಳುವವರು ಇರುವುದಿಲ್ಲ.

ಮಾಡಿ ನೋಡಿ

ಹಾವಿಲ್ಲದೆಯೇ ಹಾವಿನ ಪಾಠ ಕಲಿಯಬಹುದು. ಶಾಲೆಯ ಅಂಗಳದಲ್ಲಿ, ಮೇಷ್ಟರ ಎದುರಿಗೆ, ಒಂದು ಹೆಂಚು, ಒಂದು ಸೈಜುಗಲ್ಲು, ಬೋರಲು ಹಾಕಿದ ಒಂದು ಗಡಿಗೆ ಇಡಿ. ಪ್ರತಿಯೊಂದರ ಅಡಿಗೂ ಪ್ರಯೋಗಾಲಯದ ಥರ್ಮಾಮೀಟರ್ ತೂರಿಸಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳಿ. ಬಯಲಿನ ಉಷ್ಣತೆಯನ್ನೂ ಬರೆಯಿರಿ. ನಾಲ್ಕನ್ನೂ ಒಂದೇ ನಕ್ಷೆಯಲ್ಲಿ ಎಳೆಯಿರಿ. ಯಾವ ಗೆರೆ ಬೇಗ ಏರಿ ಬೇಗ ಇಳಿಯುತ್ತದೆ, ಯಾವುದು ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ ನೋಡಿ. ನೀವು ಹಾವಾಗಿದ್ದರೆ ಮಧ್ಯಾಹ್ನ ಎಲ್ಲಿರುತ್ತಿದ್ದಿರಿ, ಸಂಜೆ ಎಲ್ಲಿರುತ್ತಿದ್ದಿರಿ? ಹೊಲದಲ್ಲಿ ತಾನಾಗಿ ಬಿದ್ದಿರುವ ಕಲ್ಲನ್ನು ಮಾತ್ರ ಎತ್ತಬೇಡಿ. ಅದು ಇನ್ನೊಬ್ಬರ ಮನೆಯ ಚಾವಣಿ.

ನ್ಯಾಮತಿಯ ಹುಡುಗ ಇದನ್ನು ಮಾಡಿದ. ಗಾಜಿನ ತೊಟ್ಟಿಯಲ್ಲಿ ಮತ್ತೆ ಮೀನು ಬಂದಿದೆ. ಅವನ ಅಪ್ಪ ಅಡುಗೆಮನೆಯ ಗೋಡೆಗೆ ಒಟ್ಟಿದ್ದ ಕುಳ್ಳನ್ನು ಕಣದ ಆಚೆಗೆ ಸಾಗಿಸಿದ್ದಾರೆ. ಸಾಗಿಸುವಾಗ ಅಡಿಯಲ್ಲಿ ಪೊರೆಯೊಂದು ಸಿಕ್ಕಿತಂತೆ, ತುದಿಯಿಂದ ತುದಿಯವರೆಗೆ ಎಲ್ಲೂ ಹರಿಯದ ಪೊರೆ. ಹುಡುಗ ಅದನ್ನು ತಂದು ನನ್ನ ಮೇಜಿನ ಮೇಲೆ ಉದ್ದಕ್ಕೆ ಹಾಸಿದ.

"ಹಾವು ನೋಡಿದೆಯೇನಪ್ಪಾ?" ಎಂದೆ.

"ಇಲ್ಲ ಸಾರ್, ಕಾಣಲಿಲ್ಲ. ಆರಾಮ ಇತ್ತು ಅಂತ ಮಾತ್ರ ಗೊತ್ತಾತು" ಎಂದ.